ಮಾಧವ ಜೆಟ್ಟಿಯ ಬಲಗೈ

ಮಾಧವ ಜೆಟ್ಟಿ ಮೈಸೂರಿನ ಹೆಬ್ಬಾಳದಲ್ಲಿ ನಿಂತು ಸೀನಿದರೆ ಮಂಡಕಳ್ಳಿಯಲ್ಲಿ ಇಳಿಯಬೇಕಾದ ವಿಮಾನ ಇನ್ನೊಂದು ಸುತ್ತು ಹೊಡೆದು ಇಳಿಯುತ್ತದೆ ಎಂದು ನಮ್ಮ ಬಡಾವಣೆಯಲ್ಲಿ ಹೇಳುವುದುಂಟು. ನಾನು ಅದನ್ನು ನಂಬುವವನಲ್ಲ. ನಾನೇ ಎಣಿಸಿದ್ದೇನೆ, ಎರಡು ಸುತ್ತು.

ಆಳು ಎತ್ತರವೇನಲ್ಲ. ಅಗಲ ಕೊಡುವಾಗ ಮಾತ್ರ ದೇವರಿಗೆ ಅಳತೆ ಮರೆತುಹೋಗಿತ್ತು. ಅವನು ಬಾಗಿಲಲ್ಲಿ ನಿಂತರೆ ಒಳಗಿದ್ದವರು ಸಂಜೆಯಾಯಿತೆಂದು ದೀಪ ಹಚ್ಚಬೇಕು. ಗುದ್ದು ತಿಂದು ತಿಂದು ಎರಡು ಕಿವಿಗಳೂ ಒಣ ಅಂಜೂರದಂತೆ ಮುದುಡಿಕೊಂಡಿದ್ದವು. ನೆತ್ತಿಯ ಮೇಲೆ ಏಳು ಗಾಯದ ಗುರುತು. ತಲೆ ಬಾಚುವಾಗ ಬಾಚಣಿಗೆ ಏಳು ಸಲ ಎಡವುತ್ತಿತ್ತು.

ಅವನ ಮನೆತನದವರು ಅರಮನೆಯ ಜೆಟ್ಟಿಗಳು, ದಸರೆಯಲ್ಲಿ ವಜ್ರಮುಷ್ಟಿ ಕಾಳಗ ಮಾಡುತ್ತ ಬಂದವರು. ನೋಡದವರಿಗಾಗಿ ಹೇಳುತ್ತೇನೆ. ಇಬ್ಬರು ಜೆಟ್ಟಿಗಳು ತಲೆ ಬೋಳಿಸಿ, ಒಂದು ಹಿಡಿ ಜುಟ್ಟು ಉಳಿಸಿಕೊಂಡು, ಮುಷ್ಟಿಗೆ ಮೊನೆಗಳಿರುವ ಆಯುಧ ತೊಟ್ಟು, ಮಣ್ಣಿನ ಅಂಕಣದಲ್ಲಿ ಎದುರುಬದುರು ನಿಲ್ಲುತ್ತಾರೆ. ಒಬ್ಬರ ತಲೆಗೆ ಒಬ್ಬರು ಗುದ್ದುತ್ತಾರೆ. ಯಾರ ತಲೆಯಿಂದ ಮೊದಲು ರಕ್ತ ಚಿಮ್ಮಿತೋ ಅಲ್ಲಿಗೆ ಕಾಳಗ ಮುಗಿಯಿತು. ಆಮೇಲೆ ಒಂದು ಏಟಿಲ್ಲ, ಒಂದು ಬೈಗುಳವಿಲ್ಲ. ಮಾಧವ ಎಂಟನೇ ವಯಸ್ಸಿಗೆ ಗರಡಿ ಸೇರಿದವನು. ಅಭ್ಯಾಸದಲ್ಲಿ ಒಮ್ಮೆ ಎದುರಾಳಿಯ ಹಣೆ ಒಡೆದ ಮೇಲೂ ಇನ್ನೊಂದು ಏಟು ಹಾಕಿದ್ದಕ್ಕೆ ಅವನಪ್ಪ ಅವನನ್ನು ಮೂರು ತಿಂಗಳು ಗರಡಿಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ. ಅಂದಿನಿಂದ ರಕ್ತ ಕಂಡರೆ ಅವನ ಕೈ ತಾನಾಗಿಯೇ ಇಳಿಯುತ್ತಿತ್ತು.

ಇದೊಂದು ನಿಯಮ ಬಿಟ್ಟರೆ ಅವನಿಗೆ ಬೇರೆ ಯಾವ ನಿಯಮವೂ ಇರಲಿಲ್ಲ. ಅಡ್ಡ ಬಂದ ಆಟೋದವನಿಗೆ ಒಮ್ಮೆ ಅವನು ಕೊಟ್ಟ ಏಟಿಗೆ ಆ ಆಟೋದ ಮೀಟರು ಇವತ್ತಿಗೂ ಹಿಂದಕ್ಕೆ ಓಡುತ್ತಿದೆ. ಅವನು ಕೆಲಸ ಮಾಡುವ ಬೇರಿಂಗ್ ಕಾರ್ಖಾನೆಯಲ್ಲಿ ಒಬ್ಬ ಸೂಪರ್‌ವೈಸರ್‌ಗೆ ಎರಡು ಹಲ್ಲು ಹೋಯಿತು. ಬಸ್ಸಿನ ಕ್ಯೂ ಮುರಿದವನಿಗೆ ಹೆಗಲ ಮೂಳೆ ಹೋಯಿತು. ಎಲ್ಲ ಜಗಳಗಳ ಕೊನೆಯೂ ಒಂದೇ. ಎದುರಿನವನ ಮೂಗಿನಲ್ಲೋ ಬಾಯಲ್ಲೋ ರಕ್ತ ಕಂಡ ಕೂಡಲೇ ಜೆಟ್ಟಿ ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದು, "ಆಯ್ತು, ಹೋಗ್ಬನ್ನಿ" ಎನ್ನುತ್ತಿದ್ದ. ಅವರೂ ಹೋಗುತ್ತಿದ್ದರು, ಓಡುತ್ತಲೇ ಹೋಗುತ್ತಿದ್ದರು. ಆದ್ದರಿಂದ ಈ ನಿಯಮ ಭೂಮಿಯ ಮೇಲಿನ ಸಮಸ್ತ ಗಂಡಸರಿಗೂ ಗೊತ್ತಿದೆ ಎಂದು ಜೆಟ್ಟಿ ನಲವತ್ತು ವರ್ಷ ನಂಬಿಕೊಂಡಿದ್ದ.

ಅವನ ಮಗಳು ಶರಣ್ಯಾ ನಮ್ಮ ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿ. ಹೋದ ವರ್ಷ ಪೋಷಕರ ಸಭೆಯಲ್ಲಿ ಮೋಹನ್ ಎಂಬೊಬ್ಬ ತಂದೆ, "ನಿಮ್ಮ ಹುಡುಗಿ ನಮ್ಮ ಹುಡುಗಿ ಪೆನ್ಸಿಲ್ ಕದ್ದಳಂತೆ" ಎಂದ. ಮುಂದಿನದು ಯಾರ ಕಣ್ಣಿಗೂ ಸರಿಯಾಗಿ ಬೀಳಲಿಲ್ಲ. ಮೋಹನ್ ಕಪ್ಪುಹಲಗೆಗೆ ಬಡಿದು ಕೆಳಗೆ ಜಾರುತ್ತಿದ್ದ. ಮೂಗು ಒಂದು ಕಡೆಗೆ ತಿರುಗಿತ್ತು. ಅವನ ರಕ್ತ ಹನ್ನೊಂದು ಮಕ್ಕಳ ಅಂಕಪಟ್ಟಿಯ ಮೇಲೆ ಬಿದ್ದು, ಫೇಲಾದವರದ್ದೂ ಪಾಸಾದವರದ್ದೂ ಒಂದೇ ಬಣ್ಣವಾಯಿತು. ಪೆನ್ಸಿಲ್ ಆಮೇಲೆ ಮೋಹನ್ ಮಗಳ ಬ್ಯಾಗಿನಲ್ಲೇ ಸಿಕ್ಕಿತು.

ಅವತ್ತಿನಿಂದ ಶರಣ್ಯಾ ಶಾಲೆಗೆ ಹೋಗುವಾಗ ಅಪ್ಪನಿಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯತೊಡಗಿದಳು. ಇವನು ವೇಗ ಹೆಚ್ಚಿಸಿದರೆ ಅವಳೂ ಹೆಚ್ಚಿಸುವಳು. ನಿಂತರೆ ನಿಲ್ಲುವಳು. "ನಿಮ್ಮಪ್ಪ ಅಲ್ವಾ ಅವ್ರು?" ಎಂದು ಯಾರೋ ಕೇಳಿದ್ದಕ್ಕೆ, "ಅಲ್ಲ, ನಮ್ಮ ಬೀದಿಯವರು" ಎಂದಳಂತೆ. ಇದನ್ನು ಕೇಳಿದ ದಿನ ಜೆಟ್ಟಿ ಮನೆಯ ಹಿತ್ತಲ ಗೋಡೆಗೆ ಗುದ್ದಿದ. ಗೋಡೆ ಪಕ್ಕದ ಮನೆಯ ಹಿತ್ತಲಿಗೆ ಹೋಗಿ ನಿಂತಿತು. ಹೆಂಡತಿ ಮಂಜುಶ್ರೀ ಒಗೆದ ಬಟ್ಟೆಯನ್ನು ಈಗ ಅಲ್ಲಿಗೇ ಹೋಗಿ ಒಣಗಿಸುತ್ತಾಳೆ.

ನಮ್ಮ ಶಾಲೆಯ ವಿಷಯ ಹೇಳಬೇಕು. ಮಕ್ಕಳು ನೂರ ಎಂಬತ್ತು, ಮೇಷ್ಟರುಗಳು ಐದು, ಜವಾನ ಸೊನ್ನೆ. ಆದ್ದರಿಂದ ಮುಖ್ಯೋಪಾಧ್ಯಾಯಿನಿ ಚೂಡಾಮಣಿ ಮೇಡಂ ಪೋಷಕರನ್ನೇ ಕೆಲಸಕ್ಕೆ ಹಚ್ಚಿದ್ದರು. ಸರಸ್ವತಿಪುರಂನಿಂದ ಸ್ಕೂಟರಿನಲ್ಲಿ ಬರುವ, ನಲವತ್ತೈದು ಕಿಲೋ ತೂಗದ ಹೆಂಗಸು. ಆದರೆ ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸತೊಡಗಿದರೆ ರಸ್ತೆಯಲ್ಲಿ ಹೋಗುವ ಲಾರಿಗಳು ತಾವಾಗಿಯೇ ನ್ಯೂಟ್ರಲ್‌ಗೆ ಬರುತ್ತಿದ್ದವು. ಕಾರ್ಖಾನೆಯ ಶಿಫ್ಟುಗಳನ್ನು ನೋಡಿ ಪೋಷಕರ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ್ದರು. ಮೊದಲ ಶಿಫ್ಟಿನವರಿಗೆ ಸಂಜೆ ಗೇಟು. ಎರಡನೇ ಶಿಫ್ಟಿನವರಿಗೆ ಬೆಳಿಗ್ಗೆ ಗೇಟು. ರಾತ್ರಿ ಪಾಳಿಯವರು ಬೆಳಿಗ್ಗೆ ಕಾರ್ಖಾನೆಯಿಂದ ನೇರವಾಗಿ ಬಂದು ಅಂಗಳ ಗುಡಿಸಿ ಮನೆಗೆ ಹೋಗಿ ಮಲಗಬೇಕು. ಒಬ್ಬಾತ ಪೊರಕೆ ಹಿಡಿದೇ ನಿದ್ದೆಹೋಗಿ, ಗುಡಿಸುತ್ತ ಗುಡಿಸುತ್ತ ರಿಂಗ್ ರೋಡು ಮುಟ್ಟಿದ್ದ. ಮೊಮ್ಮಗಳನ್ನು ಬಿಡಲು ಹೋಗುತ್ತಿದ್ದ ನನ್ನಂಥ ಮುದುಕನ ಕೈಗೂ ಗಂಟೆ ಹೊಡೆಯುವ ಸುತ್ತಿಗೆ ಬಂತು.

ಜೂನ್ ತಿಂಗಳಲ್ಲಿ ನಡೆದದ್ದನ್ನು ನಾನು ಇದ್ದದ್ದು ಇದ್ದಂತೆ ಹೇಳುತ್ತೇನೆ, ಒಂದು ಗುಲಗಂಜಿಯೂ ಸೇರಿಸುವುದಿಲ್ಲ. ಶಾಲೆಯ ಮುಂದಿನ ರಸ್ತೆಯಲ್ಲಿ ಅಶ್ವತ್ಥ ಎಂಬುವನ ನೀರಿನ ಟ್ಯಾಂಕರು ಓಡಾಡುತ್ತಿತ್ತು. ಅವನೇ ಮಾಲೀಕ, ಅವನೇ ಡ್ರೈವರು. ಬೆಳಿಗ್ಗೆ ಒಂಬತ್ತೂ ಇಪ್ಪತ್ತಕ್ಕೆ, ಮಕ್ಕಳು ರಸ್ತೆ ದಾಟುವ ಹೊತ್ತಿಗೇ, ಬ್ರೇಕು ಎಂಬುದೊಂದಿದೆ ಎನ್ನುವುದನ್ನೇ ಮರೆತು ಬರುತ್ತಿದ್ದ. ನಮ್ಮ ಬಡಾವಣೆಯ ಮುದ್ದಮ್ಮನ ಮಗಳು ಅನುಪಮಾ ನಾಲ್ಕನೇ ತರಗತಿ. ಹಿಂದಿನ ಚಕ್ರ ಅವಳ ಎಡಗಾಲಿನ ಮೇಲೆ ಹೋಯಿತು. ಮೂಳೆ ಚರ್ಮ ಹರಿದು ಹೊರಗೆ ಬಂದಿತ್ತು. ಅವಳು ಅಳಲಿಲ್ಲ. ತನ್ನ ಚಪ್ಪಲಿ ಎಲ್ಲಿ ಎಂದು ಕೇಳುತ್ತಿದ್ದಳು.

ಪೋಷಕರು ಕಲ್ಲೆತ್ತಿಕೊಂಡರು. ಟ್ಯಾಂಕರಿನ ಗಾಜು ಪುಡಿಯಾಯಿತು. ಅಶ್ವತ್ಥ ಜಾಕ್ ರಾಡ್ ಹಿಡಿದು ಇಳಿದು ಬಂದು ಒಬ್ಬನ ದವಡೆ ಮುರಿದ, ಇನ್ನೊಬ್ಬನ ಮೊಣಕಾಲಿಗೆ ಬಾರಿಸಿದ. ಪೊಲೀಸರು ಬಂದರು, ಕೇಸಾಯಿತು, ತಾರೀಖು ಬಿತ್ತು, ಮೂರು ವಾರಕ್ಕೆ ಟ್ಯಾಂಕರು ಹೊಸ ಗಾಜು ಹಾಕಿಕೊಂಡು ಅದೇ ರಸ್ತೆಯಲ್ಲಿ ಅದೇ ಹೊತ್ತಿಗೆ ಬಂತು.

ಆಗ ಚೂಡಾಮಣಿ ಮೇಡಂ ಜೆಟ್ಟಿಯನ್ನು ಕರೆಸಿದರು.

"ಜೆಟ್ಟಿಯವ್ರೇ, ಬೆಳಿಗ್ಗೆ ಗೇಟು ನಿಮ್ಗೆ. ಆ ಟ್ಯಾಂಕರ್ ಮುಂದೆ ನಿಲ್ಲೋಕೆ ಟ್ಯಾಂಕರಿನಂಥ ಮನುಷ್ಯನೇ ಬೇಕು. ತಗೊಳ್ಳಿ ಸೀಟಿ, ತಗೊಳ್ಳಿ ಕೆಂಪು ಬಾವುಟ."

"ಆಯ್ತು ಮೇಡಂ."

"ಒಂದು ಮಾತು. ವಾಹನ ನಿಲ್ಲಿಸೋಕೆ ಕೈ ಎತ್ತಬಹುದು. ಮನುಷ್ಯರ ಮೇಲೆ ಕೈ ಎತ್ತಿದ್ರೋ, ಸೀಟಿ ನನ್ನ ಮೇಜಿನ ಮೇಲಿರ್ಬೇಕು. ಆಮೇಲೆ ಈ ಗೇಟಿನ ಹತ್ರ ನಿಮ್ಮ ನೆರಳೂ ಬೀಳಬಾರ್ದು."

"ಅವ್ರೇ ಹೊಡೆದ್ರೆ ಮೇಡಂ?"

ಮೇಡಂ ಕನ್ನಡಕ ತೆಗೆದರು. ಜೆಟ್ಟಿ ಸೀಟಿ ತೆಗೆದುಕೊಂಡು ಬಂದ.

ನಾಲ್ಕು ತಿಂಗಳು. ಸಮುದ್ರ ನಾಲ್ಕು ತಿಂಗಳು ಲೋಟದಲ್ಲಿ ಕೂತಿತ್ತು ಎಂದರೆ ನೀವು ನಂಬುತ್ತೀರಾ? ನಾನು ನೋಡಿದ್ದೇನೆ. ಬೈಕಿನವರು ಅವನ ಮೇಲೆ ಉಗಿದರು. ಒಬ್ಬ ಸ್ಕೂಟರಿನವ ಹೆಲ್ಮೆಟ್ಟಿನಿಂದ ಬೆನ್ನಿಗೆ ಬಾರಿಸಿದ. ಹೆಲ್ಮೆಟ್ ಒಡೆಯಿತು. ಜೆಟ್ಟಿ ಆ ಚೂರುಗಳನ್ನು ಆರಿಸಿ ಅವನ ಕೈಗೇ ಕೊಟ್ಟ. ಎಲ್ಲವನ್ನೂ ನುಂಗಿಕೊಂಡು ಹತ್ತು ಗಂಟೆಗೆ ಮನೆಗೆ ಹೋಗಿ ಹಿತ್ತಲ ನುಗ್ಗೆಮರಕ್ಕೆ ಗುದ್ದುತ್ತಿದ್ದ. ಆ ವರ್ಷ ಬಡಾವಣೆಯವರಿಗೆಲ್ಲ ನುಗ್ಗೆಕಾಯಿ ಕೀಳುವ ಶ್ರಮವೇ ಇರಲಿಲ್ಲ.

ಆ ಸೀಟಿಯ ಸದ್ದಿಗೆ ಎರಡು ಕಡೆಯ ಮಕ್ಕಳೂ, ಅಮ್ಮಂದಿರೂ, ಹಸುಗಳೂ ಒಂದೇ ಏಟಿಗೆ ನಿಲ್ಲುವುದನ್ನು ಕಲಿತವು. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ದಾಟು. ಇತ್ತ ಶರಣ್ಯಾಳ ಇಪ್ಪತ್ತು ಹೆಜ್ಜೆ ಹನ್ನೆರಡಾಯಿತು. ದಸರೆಯ ಹೊತ್ತಿಗೆ ಐದಾಯಿತು. ಒಂದು ದಿನ ಅವಳು ಅಪ್ಪನ ಪಕ್ಕದಲ್ಲೇ ನಡೆದು ಬಂದಳು. ಗೆಳತಿ ಕೇಳುವ ಮೊದಲೇ, "ನಮ್ಮಪ್ಪ. ಸೀಟಿ ಇವ್ರದ್ದೇ" ಎಂದಳು. ಅವತ್ತು ಜೆಟ್ಟಿ ಸೀಟಿ ಊದುವುದನ್ನೇ ಮರೆತದ್ದರಿಂದ ಮಕ್ಕಳು ಅರ್ಧ ಗಂಟೆ ಆಚೆ ಬದಿಯಲ್ಲೇ ನಿಂತಿದ್ದವು. ನಾನು ಗಂಟೆ ತಡವಾಗಿ ಹೊಡೆದೆ.

ನಿಲ್ಲದವನು ಅಶ್ವತ್ಥ ಒಬ್ಬನೇ. ದಿನವೂ ಬಾವುಟಕ್ಕೆ ಗೇಣು ದೂರದಲ್ಲಿ ನುಗ್ಗಿಸಿಕೊಂಡು ಹೋಗುವನು. ನವೆಂಬರಿನಲ್ಲಿ ಒಂದು ದಿನ ಟ್ಯಾಂಕರಿನ ಕನ್ನಡಿ ಬಾವುಟದ ಕೋಲಿಗೆ ತಗುಲಿ ಬಿರಿಯಿತು. ಅಶ್ವತ್ಥ ಇಳಿದು ಬಂದ. ಅವನೂ ಸಣ್ಣ ಆಳಲ್ಲ. ಅವನ ಬೆರಳಿಗೆ ಉಂಗುರ ಮಾಡಿಸಲು ಅಕ್ಕಸಾಲಿಗರು ಬಳೆಯ ಅಳತೆ ತೆಗೆದುಕೊಳ್ಳುತ್ತಿದ್ದರು.

"ಏನೋ ಜೆಟ್ಟಿ, ಕನ್ನಡಿ ಒಡೆದ್ಬುಟ್ಟಲ್ಲೋ?"

"ನಿಲ್ಲಿಸ್ಬೇಕಿತ್ತು ಅಶ್ವತ್ಥಣ್ಣ. ಮಕ್ಳು."

ಅಶ್ವತ್ಥ ಅವನ ಕೆನ್ನೆಗೆ ಹೊಡೆದ. ಜೆಟ್ಟಿಯ ತಲೆ ತಿರುಗಿ ಮತ್ತೆ ಮೊದಲಿನ ಜಾಗಕ್ಕೆ ಬಂತು. ಅಶ್ವತ್ಥ ಇನ್ನೊಂದು ಕೆನ್ನೆಗೂ ಹೊಡೆದ. ಜೆಟ್ಟಿಯ ಕೈಗಳು ತೊಡೆಗೆ ಅಂಟಿಕೊಂಡಿದ್ದವು, ಬೆರಳ ಗೆಣ್ಣುಗಳು ಮಾತ್ರ ಬೆಳ್ಳಗಾಗಿದ್ದವು. "ಅರಮನೆ ಜೆಟ್ಟಿಯಂತೆ!" ಎಂದು ಅಶ್ವತ್ಥ ನಕ್ಕು ಗಾಡಿ ಹತ್ತಿದ.

ಶರಣ್ಯಾ ಗೇಟಿನ ಕಂಬಿ ಹಿಡಿದು ನೋಡುತ್ತಿದ್ದಳು. "ಅಪ್ಪ, ನೀನು ಸೋತ್ಯಾ?" ಎಂದಳು.

ಜೆಟ್ಟಿ ಅದನ್ನೇ ಮೂರು ದಿನ ಯೋಚಿಸಿದ. ನಾಲ್ಕನೇ ದಿನ ನನ್ನ ಹತ್ತಿರ ಬಂದ.

"ಗಂಟೆ ತಾತ, ಜಗಳ ಬೇರೆ, ಕಾಳಗ ಬೇರೆ ಅಲ್ವಾ?"

"ಹೇಗಯ್ಯ?"

"ಜಗಳದಲ್ಲಿ ಕೈ ಎತ್ತದು ತಪ್ಪು. ಕಾಳಗ ಅಂದ್ರೆ ಇಬ್ರೂ ಒಪ್ಕೊಂಡು ಜೋಡಿ ಕಟ್ಟದು. ಅದು ಪೂಜೆ ಇದ್ದಂಗೆ. ಪೂಜೆಲಿ ಕೈ ಎತ್ತಿದ್ರೆ ಮೇಡಂ ತಪ್ಪು ಅಂತಾರಾ?"

ಮೇಡಂ ಏನೆನ್ನುತ್ತಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಎರಡು ಕೆನ್ನೆಯ ಮೇಲೂ ಇನ್ನೂ ಬೆರಳಿನ ಗುರುತು ಹೊತ್ತವನಿಗೆ ಅದನ್ನು ಹೇಳುವ ಧೈರ್ಯ ನನಗೆ ಬರಲಿಲ್ಲ. ಅದು ನನ್ನ ತಪ್ಪು.

ಶಾಲೆಯೆದುರಿನ ಟೀ ಅಂಗಡಿಯಲ್ಲಿ ಜೆಟ್ಟಿ ಅಶ್ವತ್ಥನ ಮುಂದೆ ಹೋಗಿ ನಿಂತ. "ಅಶ್ವತ್ಥಣ್ಣ, ನಾವಿಬ್ರೂ ಜೋಡಿ ಕಟ್ಟೋಣ. ಬರಿಗೈ. ಯಾರ ತಲೆಲಿ ಮೊದ್ಲು ರಕ್ತ ಬತ್ತದೋ ಅವ್ನು ಸೋತ. ನೀನು ಸೋತ್ರೆ ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಂಜೆ ನಾಕರಿಂದ ಐದು, ಈ ರಸ್ತೇಲಿ ನಿನ್ನ ಗಾಡಿ ಬರಬಾರ್ದು."

"ನೀನು ಸೋತ್ರೆ?"

"ಸೀಟಿ ಕೆಳಗಿಡ್ತೀನಿ."

ಅಶ್ವತ್ಥ ಟೀ ಗುಟುಕರಿಸಿ ಸುತ್ತಲೂ ನೋಡಿ ಕಣ್ಣು ಮಿಟುಕಿಸಿದ. "ಆಯ್ತು ಬುಡು. ಯಾವತ್ತು?"

ಜೆಟ್ಟಿ ಅವನ ಅಂಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡ. ಅವನ ಪಾಲಿಗೆ ಅದು ಸೂರ್ಯಚಂದ್ರರ ಸಾಕ್ಷಿಯಲ್ಲಿ ನಡೆದ ಒಪ್ಪಂದ. ಅಶ್ವತ್ಥನ ಪಾಲಿಗೆ ಟೀ ಜೊತೆಗೆ ಸಿಕ್ಕ ತಮಾಷೆ.

ಭಾನುವಾರ ಬೆಳಿಗ್ಗೆ ಏಳು ಗಂಟೆ. ಆ ಭಾನುವಾರ ಶಾಲೆಯ ಕಾಂಪೌಂಡಿಗೆ ಸುಣ್ಣ ಬಳಿಯುವ ಶ್ರಮದಾನವಿತ್ತು. ಮೂವತ್ತು ಪೋಷಕರು ಬಕೆಟ್ಟು, ಕುಂಚ ಹಿಡಿದು ಬಂದಿದ್ದರು. ಮುದ್ದಮ್ಮ ಒಲೆ ಹೂಡಿದ್ದಳು. ಅವಳು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವಳು. ನಲವತ್ತು ಲೀಟರಿನ ಸಾರಿನ ಹಂಡೆಯನ್ನು ಸೊಂಟದ ಮೇಲೆ ಮಗುವಿನಂತೆ ಕೂರಿಸಿಕೊಂಡು ನಡೆಯುತ್ತಾಳೆ. ಮೇಡಂ ಎಂಟು ಗಂಟೆಗೆ ಬರುವುದಾಗಿ ಹೇಳಿದ್ದರು. ಅಷ್ಟರೊಳಗೆ ಕಾಳಗ ಮುಗಿದಿರುತ್ತದೆ ಎನ್ನುವುದು ಜೆಟ್ಟಿಯ ಲೆಕ್ಕಾಚಾರ. ಶರಣ್ಯಾಳನ್ನು ಮನೆಯಲ್ಲೇ ಇರಿಸಿ ಬಾ ಎಂದು ಮಂಜುಶ್ರೀಗೆ ಹೇಳಿದ್ದ. ಅವಳು ತಾಯಿಗಿಂತ ಮೊದಲೇ ಬಂದು ಗೋಡೆಯ ಮೇಲೆ ಕೂತಿದ್ದಳು.

ಜೆಟ್ಟಿ ತಲೆ ಬೋಳಿಸಿ, ಜುಟ್ಟು ಉಳಿಸಿಕೊಂಡು, ಮನೆದೇವತೆ ನಿಂಬಜಾದೇವಿಗೆ ಕೈಮುಗಿದು ಬಂದಿದ್ದ. ಸೀಟಿಯನ್ನು ಕೊರಳಿಂದ ತೆಗೆದು ಒಂದು ಇಟ್ಟಿಗೆಯ ಮೇಲೆ ಜೋಪಾನವಾಗಿ ಇಟ್ಟ. ಶಾಲೆಯ ಹಿಂದಿನ ಕೆಂಪು ಮಣ್ಣಿನ ಬಯಲಿನಲ್ಲಿ ಕಾಲಿನಿಂದ ಒಂದು ಗೀಟು ಎಳೆದ. ಅಶ್ವತ್ಥ ಟ್ಯಾಂಕರಿನಲ್ಲೇ ಬಂದು, ಅದನ್ನು ಬದಿಯಲ್ಲಿ ನಿಲ್ಲಿಸಿ, ಅಂಗಿ ಬಿಚ್ಚಿ ಬಾಗಿಲ ಮೇಲೆ ಎಸೆದ. ತೀರ್ಪುಗಾರ ನಾನು. ಬೇರೆ ಯಾವ ಕೆಲಸಕ್ಕೂ ಬಾರದ ವಯಸ್ಸಿಗೆ ಮನುಷ್ಯ ತೀರ್ಪುಗಾರನಾಗುತ್ತಾನೆ.

ಅಶ್ವತ್ಥ ಗೂಳಿಯಂತೆ ನುಗ್ಗಿ ಬಂದ. ಮೊದಲ ಗುದ್ದು ಜೆಟ್ಟಿಯ ಭುಜಕ್ಕೆ ಬಿತ್ತು. ಎರಡನೆಯದು ಪಕ್ಕೆಗೆ. ಮೂರನೆಯದು ಗಾಳಿಗೆ, ಆ ಗಾಳಿಗೆ ಮೂರು ಬಕೆಟ್ ಸುಣ್ಣ ಅಲ್ಲೇ ಒಣಗಿತು. ಜೆಟ್ಟಿ ಅವನ ಕೈಕೆಳಗೆ ನುಸುಳಿ, ಅರ್ಧ ಸುತ್ತು ತಿರುಗಿ, ಬಲಗೈಯ ನಡುಬೆರಳಿನ ಗೆಣ್ಣನ್ನು ಅವನ ಎಡಹುಬ್ಬಿನ ಮೇಲೆ ಇಳಿಸಿದ. ಒಣ ಹಲಗೆ ಸೀಳಿದಂಥ ಸದ್ದು. ಹುಬ್ಬು ಬಾಯಿ ಬಿಟ್ಟಿತು. ರಕ್ತ ಕಣ್ಣು ತುಂಬಿ, ಕೆನ್ನೆಗಿಳಿದು, ಮೀಸೆಯಿಂದ ತೊಟ್ಟಿಕ್ಕಿತು.

"ರಕ್ತ!" ಎಂದು ನಾನು ಕೂಗಿದೆ.

ಜೆಟ್ಟಿಯ ಕೈಗಳು ಆಗಲೇ ಇಳಿದಿದ್ದವು. ಒಂದು ಹೆಜ್ಜೆ ಹಿಂದೆ ಸರಿದು ಕೈಮುಗಿದ. ಬಗ್ಗಿ ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡ. ಅಶ್ವತ್ಥನಿಗೆ ಬೆನ್ನು ಕೊಟ್ಟು ಮಗಳ ಕಡೆಗೆ ತಿರುಗಿ ನಕ್ಕ. ಆ ನಗೆ ನನ್ನ ಕಣ್ಣ ಮುಂದೆ ಇನ್ನೂ ಇದೆ.

ಅಶ್ವತ್ಥ ಟ್ಯಾಂಕರಿನಿಂದ ಜಾಕ್ ರಾಡ್ ಎಳೆದುಕೊಂಡ.

ಮೊದಲ ಏಟು ಹಿಂದಿನಿಂದ ಹೆಗಲ ಮೂಳೆಗೆ. ಜೆಟ್ಟಿ ಮಂಡಿಯೂರಿದ. ತಿರುಗಿ ನೋಡಿದ ಅವನ ಮುಖದಲ್ಲಿ ನೋವಿಗಿಂತ ಅಚ್ಚರಿ ಹೆಚ್ಚಾಗಿತ್ತು. "ಮುಗೀತು ಕಣೋ!" ಎಂದ. ಎರಡನೇ ಏಟು ಪಕ್ಕೆಗೆ, ಒಳಗೆ ಏನೋ ಲಟಕ್ಕೆಂದಿತು. "ನಿಂದೇ ರಕ್ತ ಮೊದ್ಲು ಬಂದಿದ್ದು ಕಣೋ, ಮುಗೀತು!" ಮೂರನೆಯದಕ್ಕೆ ಬಲಗೈ ಅಡ್ಡ ಬಂತು. ಮುಂಗೈ ಮೂಳೆ ಎರಡಾಗಿ ಕೈ ನಡುವೆ ಬಗ್ಗಿ ನೇತಾಡಿತು. ಮುಗಿದ ಕಾಳಗದಲ್ಲಿ ಹೊಡೆಯುವಂತಿಲ್ಲವಲ್ಲ? ಅವನು ಹೊಡೆಯಲಿಲ್ಲ. ಮಣ್ಣಿನಲ್ಲಿ ಹೊರಳುತ್ತ, ಬಾಯಲ್ಲಿ ರಕ್ತ ಉಗುಳುತ್ತ, ನಿಯಮ ವಿವರಿಸುತ್ತಿದ್ದ. "ತಾತನ್ನ ಕೇಳೋ! ತಾತ ಹೇಳಿದ್ರಲ್ಲೋ!" ನಾಲ್ಕು, ಐದು, ಆರು. ನಾನು ಎಣಿಸಿದ್ದು ಅಷ್ಟೇ. ನನಗೆ ಅದಕ್ಕಿಂತ ಹೆಚ್ಚು ಎಣಿಸಲಾಗಲಿಲ್ಲ.

ಗೋಡೆಯ ಮೇಲಿಂದ ಶರಣ್ಯಾ ಕಿರುಚಿದಳು.

ಆ ಕಿರುಚಾಟಕ್ಕೆ ಮೊದಲು ಎದ್ದವಳು ಮುದ್ದಮ್ಮ. ಸೌಟು ಅವಳ ಕೈಯಲ್ಲೇ ಇತ್ತು. ಹಂಡೆ ಕಲಕುವ ಸೌಟು, ಅದರಲ್ಲಿ ದೋಣಿ ನಡೆಸಬಹುದು.

"ನನ್ನ ಮಗಳ ಕಾಲು ತಿಂದಿದ್ದು ಸಾಲ್ದಾ ನಿಂಗೆ?" ಎಂದವಳೇ ಅಶ್ವತ್ಥನ ಬೆನ್ನಿಗೆ ಇಳಿಸಿದಳು. ಅವನು ತಿರುಗುವಷ್ಟರಲ್ಲಿ ಬಾಯಿಗೆ ಇನ್ನೊಂದು. ಮೂರು ಹಲ್ಲು ಮಣ್ಣಿಗೆ ಬಿದ್ದವು. ಮಂಜುಶ್ರೀ ಒಂದು ಬಕೆಟ್ ಸುಣ್ಣವನ್ನು ಬಕೆಟ್ಟಿನ ಸಮೇತ ಅವನ ಬೆನ್ನಿಗೆ ಬೀಸಿದಳು. ಆಮೇಲೆ ಅಮ್ಮಂದಿರ ಗುಂಪು. ಪೊರಕೆಯ ಹಿಡಿ, ಏಣಿಯ ಮೆಟ್ಟಿಲು, ಕುಂಚದ ಕೋಲು, ಊಟದ ತಟ್ಟೆ. ಒಬ್ಬಾಕೆ ಏನೂ ಸಿಗದೆ ಪಕ್ಕದವಳ ಚಪ್ಪಲಿ ಕಿತ್ತುಕೊಂಡು ಬಾರಿಸಿದಳು. ಹಿಂದೊಮ್ಮೆ ಜೆಟ್ಟಿಯಿಂದ ಮೂಗು ಒಡೆಸಿಕೊಂಡಿದ್ದ ಮೋಹನ್ ಎಲ್ಲಿಂದಲೋ ಓಡಿಬಂದು ಜೆಟ್ಟಿಯ ಮೇಲೆ ಅಡ್ಡ ಮಲಗಿ, ಅವನಿಗೆ ಬೀಳಬೇಕಾಗಿದ್ದ ಎರಡು ಏಟುಗಳನ್ನು ತಾನು ತಿಂದ. ಯಾರೋ ಟ್ಯಾಂಕರಿನ ವಾಲ್ವ್ ತಿರುಗಿಸಿಬಿಟ್ಟರು. ಆರು ಸಾವಿರ ಲೀಟರ್ ನೀರು ಬಯಲಿಗೆ ನುಗ್ಗಿತು. ಕೆಂಪು ಮಣ್ಣು, ಬಿಳಿ ಸುಣ್ಣ, ರಕ್ತ ಎಲ್ಲ ಸೇರಿ ಯಾರು ಯಾರನ್ನು ಹೊಡೆಯುತ್ತಿದ್ದಾರೆಂದು ಗೊತ್ತಾಗದಂತಾಯಿತು. ಅಶ್ವತ್ಥನ ಕೈಯ ರಾಡು ಈಗ ಮುದ್ದಮ್ಮನ ಕೈಯಲ್ಲಿತ್ತು. ಅವಳು ಅದನ್ನು ಎರಡೂ ಕೈಯಲ್ಲಿ ಎತ್ತಿ, ಕೆಸರಲ್ಲಿ ಬಿದ್ದವನ ಎಡಗಾಲಿನ ಮೇಲೆ ಗುರಿಯಿಟ್ಟಳು. ಎಡಗಾಲೇ. ಅವಳ ಮಗಳದ್ದೂ ಎಡಗಾಲೇ.

ಆಗ ಸೀಟಿ ಕೇಳಿಸಿತು. ಒಂದು ಸಲ.

ಎಲ್ಲರೂ ನಿಂತರು. ನಾಲ್ಕು ತಿಂಗಳಿನಿಂದ ಆ ಸದ್ದಿಗೆ ನಿಲ್ಲಲು ಕಲಿತ ಕಾಲುಗಳು ಮೆದುಳನ್ನು ಕೇಳದೆಯೇ ನಿಂತವು. ಮುದ್ದಮ್ಮನ ರಾಡು ಗಾಳಿಯಲ್ಲೇ ನಿಂತಿತು. ಚೂಡಾಮಣಿ ಮೇಡಂ ಮೊಣಕಾಲುದ್ದ ಕೆಸರಿನಲ್ಲಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಇಟ್ಟಿಗೆಯ ಮೇಲಿದ್ದ ಆ ಸೀಟಿಯನ್ನು ಬಾಯಲ್ಲಿಟ್ಟುಕೊಂಡು ನಿಂತಿದ್ದರು.

"ಮುದ್ದಮ್ಮ, ಕೆಳಗಿಡಿ."

"ಮೇಡಂ, ನಿಮ್ಗೇನ್ ಗೊತ್ತು..."

"ಅನುಪಮಾನ ನಾನೇ ಎತ್ಕೊಂಡು ಆಸ್ಪತ್ರೆಗೆ ಹೋಗಿದ್ದು. ಗೊತ್ತು. ಕೆಳಗಿಡಿ."

ರಾಡು ಕೆಸರಿಗೆ ಬಿತ್ತು. ಮುದ್ದಮ್ಮ ಅದರ ಪಕ್ಕದಲ್ಲೇ ಕುಸಿದು ಕೂತು, ಜೂನ್ ತಿಂಗಳಿನಿಂದ ಉಳಿಸಿಕೊಂಡಿದ್ದ ಅಳುವನ್ನೆಲ್ಲ ಅವತ್ತು ಅತ್ತಳು. ಮೇಡಂ ಜೆಟ್ಟಿಯನ್ನು ನೋಡಿದರು. ಸೀಟಿಯನ್ನು ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ಅರ್ಧ ಪ್ರಜ್ಞೆಯಲ್ಲಿದ್ದ ಜೆಟ್ಟಿ, ಆರು ಏಟಿಗೂ ಅಳದವನು, ಆ ಕೈಚೀಲದ ಜಿಪ್ಪಿನ ಸದ್ದಿಗೆ ಅತ್ತ.

ದೊಡ್ಡಾಸ್ಪತ್ರೆಯಲ್ಲಿ ಹಾಸಿಗೆ ಕಮ್ಮಿ, ಏಟು ತಿಂದವರು ಜಾಸ್ತಿ. ಇಬ್ಬರಿಗೂ ಅಕ್ಕಪಕ್ಕದ ಮಂಚ ಸಿಕ್ಕಿತು. ಹೊಲಿಗೆ ಹಾಕಲು ಅಶ್ವತ್ಥನ ತಲೆಯನ್ನೂ ಬೋಳಿಸಿದ್ದರು. ಎರಡು ಬೋಳುತಲೆಗಳು ಒಂದೇ ಫ್ಯಾನಿನ ಕೆಳಗೆ. ನಾನು ಎಳನೀರು ತೆಗೆದುಕೊಂಡು ಹೋದಾಗ ಜೆಟ್ಟಿ ಇನ್ನೂ ಅದೇ ಮಾತಿನಲ್ಲಿದ್ದ.

"ರಕ್ತ ಬಂದ್ಮೇಲೆ ಹೊಡೀಬಾರ್ದು ಅಂತ ನಿಮ್ಮಪ್ಪ ಹೇಳ್ಕೊಡಲಿಲ್ವಾ?"

"ಎದ್ದೇಳದಂಗೆ ಹೊಡಿ ಅಂತ ಹೇಳ್ಕೊಟ್ಟಿದ್ದ" ಎಂದ ಅಶ್ವತ್ಥ, ಹಲ್ಲಿಲ್ಲದ ಬಾಯಲ್ಲಿ. "ನೀನ್ಯಾಕೆ ತಿರುಗಿ ಹೊಡೀಲಿಲ್ಲ? ಎಡಗೈ ಸುಮ್ನೆ ಇತ್ತಲ್ಲ."

"ಮುಗಿದಿತ್ತಲ್ಲಪ್ಪ."

ಅಶ್ವತ್ಥ ಗೋಡೆಯ ಕಡೆಗೆ ಹೊರಳಿಕೊಂಡ. ಗೋಡೆಗೇ ಹೇಳಿದಂತೆ ಕೇಳಿದ. "ಒಂಬತ್ತರಿಂದ ಹತ್ತು ಅಂದ್ಯಲ್ಲ? ಸಂಜೆ?"

"ನಾಕರಿಂದ ಐದು."

"ಆ ಸೌಟಿನ ಹೆಂಗಸು ಗೇಟಲ್ಲಿ ಯಾವಾಗ ಇರ್ತಾಳೆ?"

"ಅವ್ಳದ್ದು ಸಂಜೆ ಗೇಟು."

"ಹಂಗಾದ್ರೆ ಸಂಜೆ ಆರರ ತನಕ ನಾನು ಆ ಕಡೆ ಬರಾಕಿಲ್ಲ" ಎಂದ ಅಶ್ವತ್ಥ. ಅವನ ನ್ಯಾಯ ಅಷ್ಟೇ, ನಾವು ಅದರಲ್ಲಿ ಹೆಚ್ಚು ಹುಡುಕುವುದು ಬೇಡ. ಪೊಲೀಸ್ ಠಾಣೆಯಲ್ಲಿ ದೂರು ಬರೆಸಲೂ ಅವನು ಹೋಗಲಿಲ್ಲ. ಯಾರು ಹೊಡೆದರು, ಯಾವುದರಲ್ಲಿ ಹೊಡೆದರು ಎಂದು ಬರೆಸಬೇಕಾಗುತ್ತಿತ್ತು.

ಹದಿನೈದು ದಿನದ ಮೇಲೆ ಪೋಷಕರ ಸಭೆ. ಐದನೇ ತರಗತಿಯ ಸಣ್ಣ ಬೆಂಚುಗಳ ಮೇಲೆ ದೊಡ್ಡವರು ಮಂಡಿ ಗದ್ದಕ್ಕೆ ತಾಗಿಸಿಕೊಂಡು ಕೂತಿದ್ದೆವು. ಜೆಟ್ಟಿ ಕೂರ‍ಲಿಲ್ಲ. ಬಲಗೈ ಭುಜದಿಂದ ಬೆರಳಿನವರೆಗೆ ಪ್ಲಾಸ್ಟರು. ಮೇಜಿನ ಮೇಲೆ ಸೀಟಿ. ಶರಣ್ಯಾ ಕಿಟಕಿಯ ಆಚೆ ನಿಂತಿದ್ದಳು. ಅಪ್ಪ ಗೇಟಿಗೆ ಬಾರದ ಹದಿನೈದು ದಿನವೂ ಅವಳು ರಸ್ತೆ ದಾಟುವಾಗ ಹಿಂದೆ ತಿರುಗಿ ನೋಡುತ್ತಿದ್ದುದನ್ನು ನಾನು ಕಂಡಿದ್ದೆ.

"ಜೆಟ್ಟಿಯವ್ರೇ, ಕೈ ಎತ್ತಿದ್ರಾ?"

"ಎತ್ತಿದೆ ಮೇಡಂ." ಪೂಜೆ, ಜೋಡಿ, ಒಪ್ಪಂದ ಯಾವುದನ್ನೂ ಅವನು ಎತ್ತಲಿಲ್ಲ.

"ನಾನು ಮಾತು ಕೊಟ್ಟಿದ್ದೆ. ತಪ್ಪೋ ಹಾಗಿಲ್ಲ."

"ಗೊತ್ತು ಮೇಡಂ."

ಮೇಡಂ ಕನ್ನಡಕ ತೆಗೆದು ಒರೆಸತೊಡಗಿದರು. ಹೊರಗೆ ಒಂದು ಲಾರಿ ನಿಂತಿತು. "ಯಾವ ಕೈ?"

"ಆ?"

"ಯಾವ ಕೈ ಎತ್ತಿದ್ರಿ ಅಂತ ಕೇಳ್ದೆ."

"ಬಲಗೈ."

"ಎಡಗೈ?"

ಜೆಟ್ಟಿ ಯೋಚಿಸಿದ. ಸುಳ್ಳು ಹೇಳಬಾರದೆಂದು ನಿಜಕ್ಕೂ ಯೋಚಿಸಿದ. "ಇಲ್ಲ ಮೇಡಂ. ಎಡಗೈ ಏನೂ ಮಾಡಿಲ್ಲ."

"ತಾತ, ನೀವು ತೀರ್ಪುಗಾರರಂತಲ್ಲ. ನಿಜವಾ?"

ನಾನು ಎದ್ದು ನಿಂತೆ. ಕಾಳಗದಲ್ಲಿ ರಕ್ತ ಎಂದು ಕೂಗಿದ್ದು ಮೊದಲನೆಯದಾದರೆ, ನನ್ನ ಜೀವಮಾನದಲ್ಲಿ ಏನೂ ಸೇರಿಸದೆ ಹೇಳಿದ ಎರಡನೇ ಮಾತು ಅದು. "ನಿಜ ತಾಯಿ."

ಮೇಡಂ ಪುಸ್ತಕ ತೆಗೆದು, ಬರೆಯುತ್ತ ಗಟ್ಟಿಯಾಗಿ ಓದಿದರು. ಶ್ರೀ ಮಾಧವ ಜೆಟ್ಟಿಯವರ ಬಲಗೈಯನ್ನು ಶಾಲೆಯ ಗೇಟಿನ ಸೇವೆಯಿಂದ ಖಾಯಂ ಆಗಿ ವಜಾ ಮಾಡಲಾಗಿದೆ. ಎಡಗೈ ಸೇವೆಯಲ್ಲಿ ಮುಂದುವರಿಯತಕ್ಕದ್ದು. ಹಾಜರಿದ್ದವರು ಸಹಿ ಹಾಕಬೇಕು. ಮೊದಲ ಸಹಿ ಮೋಹನ್ ಹಾಕಿದ. ಕೊನೆಯದು ಮುದ್ದಮ್ಮನದು. ಅವಳು ಪೆನ್ನನ್ನು ಸೌಟಿನಂತೆ ಹಿಡಿದದ್ದರಿಂದ ಆ ಸಹಿ ಮುಂದಿನ ಮೂರು ಪುಟಗಳಿಗೂ ಮೂಡಿದೆ.

ಪ್ಲಾಸ್ಟರು ಬಿಚ್ಚಿ ಈಗ ಎಷ್ಟೋ ತಿಂಗಳಾಯಿತು. ಕೈ ಸೊಟ್ಟಗೇ ಕೂಡಿಕೊಂಡಿದೆ. ಜೆಟ್ಟಿ ಇವತ್ತಿಗೂ ಬಾವುಟ ಎತ್ತುವುದು, ಸೀಟಿ ಹಿಡಿಯುವುದು ಎಲ್ಲ ಎಡಗೈಯಲ್ಲೇ. ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾನೆ. ಬೈಕಿನವರು ಬೈದರೂ ಅದು ಅಲ್ಲಾಡುವುದಿಲ್ಲ. ಬಾವುಟ ಕೆಳಗೆ ಬಿದ್ದರೂ ಎತ್ತಿಕೊಡಲು ಬರುವುದಿಲ್ಲ. ಗೇಟಿನ ಗೆರೆ ದಾಟಿದ ಮೇಲೆ ಅದಕ್ಕೆ ಕೆಲಸವಿಲ್ಲ.

ಮನೆಯಿಂದ ಗೇಟಿನವರೆಗಿನ ದಾರಿಯಲ್ಲಿ ಮಾತ್ರ ಅದಕ್ಕೆ ಒಂದು ಕೆಲಸವಿದೆ. ಕೆಲಸ ಕಳೆದುಕೊಂಡ ಆ ಸೊಟ್ಟ ಕೈಯನ್ನು ದಿನವೂ ಶರಣ್ಯಾ ಹಿಡಿದುಕೊಂಡು ಬರುತ್ತಾಳೆ. ಹೆಜ್ಜೆ ಎಣಿಸಲು ನಾನು ನೋಡಿದ್ದೇನೆ. ಎಣಿಸುವಂಥದ್ದು ಏನೂ ಉಳಿದಿಲ್ಲ.